ಹಳದಿ ಚೀಟಿ

ಹ್ಯೂಸ್ಟನ್
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ಉಷಾಳಿಗೆ ಕುಮುದಕ್ಕನ ಆಶೀರ್ವಾದಗಳು.

ಕವರಿನ ಮೇಲೆ ನನ್ನ ಅಕ್ಷರ ನೋಡಿಯೂ ಕಸದ ಬುಟ್ಟಿಗೆ ಹಾಕದೆ ಒಡೆದಿದ್ದೀಯಲ್ಲ, ಅಷ್ಟು ಸಾಕು. ಮೂರು ವರ್ಷ ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸು ಅನ್ನುವುದಕ್ಕೂ ಒಂದು ಮಿತಿ ಇರುತ್ತದೆ, ನಾನು ಅದನ್ನೂ ದಾಟಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ಬಾಯಿ ನನ್ನ ಮಾತನ್ನೇ ಕೇಳುವುದಿಲ್ಲ, ನಿನಗೆ ಗೊತ್ತಲ್ಲ.

ನಿನ್ನ ಆಪರೇಷನ್ ವಿಷಯ ನನ್ನ ಮಗಳು ಚಿತ್ರಾ ಹೇಳಿದಳು. ಅವಳನ್ನು ಬೈಯಬೇಡ. ಸೆಪ್ಟೆಂಬರಿನಲ್ಲಿ ಆಸ್ಟಿನ್‌ಗೆ ಹೋಗಿದ್ದೆ. ಪಕ್ಕದ ಟೇಲರ್ ಊರಿನಿಂದ ಡ್ಯೂಟಿ ಮುಗಿಸಿಕೊಂಡು ಬಂದು ಊಟಕ್ಕೆ ಕೂತವಳು ಬಾಯಿ ತಪ್ಪಿ ಅಂದುಬಿಟ್ಟಳು. ಎದೆಯಲ್ಲಿ ಗಂಟಾಗಿತ್ತು, ಡಲ್ಲಾಸ್‌ನಲ್ಲೇ ತೆಗೆದರು, ಗಾಯ ಇನ್ನೂ ಮಾಯಬೇಕು, ನನಗೆ ಹೇಳಬಾರದು ಅಂತ ಚಿಕ್ಕಮ್ಮ ಮಾತು ತಗೊಂಡಿದ್ದಾಳೆ. ಅನ್ನದ ಸೌಟು ನನ್ನ ಕೈಯಲ್ಲೇ ಉಳಿಯಿತು. "ಜಸ್ಟ್ ಕಾಲ್ ಹರ್, ಅಮ್ಮಾ" ಅಂದಳು. ಅವಳಿಗೇನು, ಹೇಳುವುದು ಸುಲಭ. ಅಮ್ಮ ಹೋದಾಗ ಗ್ರೀನ್ ಕಾರ್ಡಿನ ಕಾಗದ ಬಾರದೆ ನೀನು ಇಲ್ಲೇ ಸಿಕ್ಕಿಕೊಂಡಿದ್ದೆ. ಅದು ಗೊತ್ತಿದ್ದೂ ಮೈಸೂರಿನಿಂದ ಫೋನ್ ಮಾಡಿ, "ಅಮ್ಮನ ಜೊತೆ ನಿನಗೂ ಎಳ್ಳುನೀರು ಬಿಟ್ಟೆ ಕಣೇ" ಅಂದವಳು ನಾನು. ಅಂಥವಳು ಯಾವ ಮುಖ ಇಟ್ಟುಕೊಂಡು ಕಾಲ್ ಮಾಡಲಿ?

ಇಲ್ಲಿನ ಎನರ್ಜಿ ಕಾರಿಡಾರ್ ಬಡಾವಣೆಯ ಆಫೀಸಿನಲ್ಲಿ ನನ್ನ ಜೊತೆ ಇದ್ದ ಲಿನ್ ನೆನಪಿದ್ದಾಳಾ, ನಿನ್ನ ಕೈಯ ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡವಳು? ಅವಳ ಗಂಡ ತೀರಿಕೊಂಡು ವರ್ಷವಾಯಿತು. ಅವನ ಹೆಸರಿನಲ್ಲಿ ಪೂಜೆ ಮಾಡಿಸಲು ಚೀನಾದ ಜಿಯುಹುವಾ ಬೆಟ್ಟಕ್ಕೆ ಹೊರಟಿದ್ದಳು. "ನೀನೂ ಬಾ" ಎಂದಳು, ಹೋದೆ. ಮನೆಯಲ್ಲಿ ಕೂತು ನಿನ್ನ ನಂಬರ್ ನೋಡುತ್ತಿರುವುದಕ್ಕಿಂತ ಅದೇ ಮೇಲು ಅನ್ನಿಸಿತು.

ಬೆಟ್ಟ ಚೆನ್ನಾಗಿದೆ ಉಷಾ. ಎಲ್ಲಿ ತಿರುಗಿದರೂ ಹಳದಿ ಗೋಡೆಯ ಗುಡಿಗಳು, ಪೈನ್ ಮರಗಳ ನಡುವೆ ತಲೆಯೆತ್ತಿದ ಪಗೋಡಗಳು, ಎಲ್ಲ ಕಡೆ ಊದುಬತ್ತಿಯ ಹೊಗೆ. ಅಲ್ಲಿನ ದೇವರು ಕ್ಷಿತಿಗರ್ಭ ಬೋಧಿಸತ್ವ. ನರಕ ಪೂರ್ತಿ ಖಾಲಿಯಾಗುವವರೆಗೆ ತಾನು ಬುದ್ಧನಾಗುವುದಿಲ್ಲ ಎಂದು ಹಟ ಹಿಡಿದವನಂತೆ. ಹಟ ಹಿಡಿದರೆ ಹಾಗೆ ಹಿಡಿಯಬೇಕು, ನಾನೂ ಹಿಡಿದೆ, ಯಾರಿಗೆ ಏನು ಉಪಕಾರವಾಯಿತು? ದೊಡ್ಡ ಪಗೋಡಕ್ಕೆ ಎಂಬತ್ತೊಂದು ಕಡಿದಾದ ಮೆಟ್ಟಿಲು. ಹತ್ತುವಾಗ ಚಾಮುಂಡಿ ಬೆಟ್ಟ ನೆನಪಾಯಿತು. ಅಮ್ಮನ ಹರಕೆಗೆ ಮೆಟ್ಟಿಲು ಮೆಟ್ಟಿಲಿಗೂ ನಾನು ಅರಿಶಿನ ಹಚ್ಚುತ್ತಿದ್ದೆ, ಹಿಂದಿನಿಂದ ನೀನು ಕುಂಕುಮ ಇಡುತ್ತಿದ್ದೆ. ಇನ್ನೂರಕ್ಕೇ ನೀನು ಅಳಲು ಶುರುಮಾಡಿದ್ದೆ.

ಮೇಲೆ ಒಂದು ಮೇಜಿನ ಮೇಲೆ ಕೆಂಪು, ಹಳದಿ ಚೀಟಿಗಳಿದ್ದವು. ಹೆಸರು ಬರೆದುಕೊಟ್ಟರೆ ಗೋಡೆಗೆ ಅಂಟಿಸಿ, ಸಂಜೆ ಮಂತ್ರ ಹೇಳಿ ಸುಡುತ್ತಾರೆ. ಲಿನ್ ತನ್ನದು ಬರೆದು ಪಗೋಡಕ್ಕೆ ಪ್ರದಕ್ಷಿಣೆ ಹಾಕಲು ಹೋದಳು. ಯಾವ ಬಣ್ಣ ಯಾರಿಗೆ ಎಂದು ನಾನು ಕೇಳಲಿಲ್ಲ. ಕೇಳುವ ಜಾಯಮಾನ ನನ್ನದಲ್ಲವಲ್ಲ. ಅಮ್ಮ ಅಪ್ಪನಿಗಿಂತ ಮೊದಲು ಮುತ್ತೈದೆಯಾಗಿ ಹೋದವಳು, ಕುಂಕುಮದ ಬಣ್ಣ ಅವಳಿಗೆ ಎಂದು ಕೆಂಪು ಚೀಟಿಯ ಮೇಲೆ ಅವಳ ಹೆಸರು ಬರೆದೆ. ಗಾಯಕ್ಕೆ ಅರಿಶಿನ ಎಂದು ಹಳದಿ ಚೀಟಿಯ ಮೇಲೆ ನಿನ್ನ ಹೆಸರು ಬರೆದೆ. ಕನ್ನಡದಲ್ಲೇ ಬರೆದೆ, ದುಂಡಗೆ. ಕೆಲಸವಾಯಿತು ಎಂದು ನಿರಾಳವಾಗಿ ಇಳಿದು ಬಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಚೀಟಿಗಳ ಫೋಟೊ ತೋರಿಸಿದೆ. ಲಿನ್ ಚಾಪ್‌ಸ್ಟಿಕ್ ಕೆಳಗಿಟ್ಟಳು.

"ಇದು ಯಾರು, ಹಳದಿಯಲ್ಲಿರೋದು?"

"ನನ್ನ ತಂಗಿ."

"ಯಾವಾಗ ತೀರಿಕೊಂಡಳು? ನನಗೆ ಹೇಳಲೇ ಇಲ್ಲ?"

ಕೆಂಪು ಬದುಕಿರುವವರಿಗಂತೆ. ಹಳದಿ ಸತ್ತವರಿಗೆ.

ಉಷಾ, ಅಂದು ಬಾಯಲ್ಲಿ ಆಡಿದ್ದನ್ನು ಇಂದು ಕೈಯಾರೆ ಬರೆದುಕೊಟ್ಟು ಬಂದಿದ್ದೆ. ಊಟ ಬಿಟ್ಟು ಎದ್ದೆ. "ನಿನ್ನ ಮಂಡಿ" ಎಂದು ಲಿನ್ ಕೂಗುತ್ತಾ ಹಿಂದೆ ಬಂದಳು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿರುವ ಮಂಡಿ ಅದು. ಎಂಬತ್ತೊಂದನ್ನೂ ಕಂಬಿ ಹಿಡಿದುಕೊಂಡು ಹತ್ತಿದೆ. ಭಯವಾಗಿತ್ತು, ನಾಚಿಕೆಯೂ ಆಗಿತ್ತು. ಎಂಟನೆಯ ವಯಸ್ಸಿನಲ್ಲಿ ನೀನು ಅತ್ತ ಹಾಗೆ ಅಳುತ್ತಲೇ ಹತ್ತಿದೆ.

ಗೋಡೆಯ ತುಂಬ ಸಾವಿರಾರು ಚೀಟಿ. ಹುಡುಕುವ ಕಷ್ಟ ಆಗಲಿಲ್ಲ, ಅಷ್ಟರಲ್ಲಿ ಕನ್ನಡದವು ನನ್ನ ಎರಡೇ. ವಯಸ್ಸಾದ ಭಿಕ್ಷುವಿಗೆ ಲಿನ್ ಎಲ್ಲ ವಿವರಿಸಿದಳು. ಆತ ನಗಲಿಲ್ಲ, ಬೈಯಲೂ ಇಲ್ಲ. ಎರಡು ಚೀಟಿಯನ್ನೂ ಮೆಲ್ಲಗೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಹೊಸ ಕೆಂಪು ಚೀಟಿಯ ಮೇಲೆ ನಿನ್ನ ಹೆಸರು ಬರೆದೆ, ಅಮ್ಮನನ್ನು ಹಳದಿಗೆ ದಾಟಿಸಿದೆ. "ಇಷ್ಟು ಬೇಗ ಬದುಕಿ ಬಂದವರನ್ನು ನಾನು ನೋಡಿಲ್ಲ" ಎಂದನಂತೆ ಭಿಕ್ಷು, ಲಿನ್ ಹೇಳಿದಳು.

ಅಮ್ಮನ ಕೆಂಪು ಚೀಟಿ ನನ್ನ ದೇವರ ಮನೆಯಲ್ಲಿದೆ. ನಿನ್ನ ಹೆಸರಿನ ಹಳದಿ ಚೀಟಿ ಈ ಕಾಗದದ ಜೊತೆಗಿದೆ. ಹರಿಯಲು ನನಗೆ ಮನಸ್ಸು ಬರಲಿಲ್ಲ, ಸುಡುವುದಂತೂ ದೂರದ ಮಾತು. ಅದನ್ನು ಏನು ಮಾಡಬೇಕೋ ನೀನೇ ಮಾಡು. ನೀನು ಹೂಂ ಅಂದರೆ ನಾನೇ ಡ್ರೈವ್ ಮಾಡಿಕೊಂಡು ಡಲ್ಲಾಸ್‌ಗೆ ಬರುತ್ತೇನೆ. ನಾಲ್ಕು ದಿನ ಸಾರು ಅನ್ನ ಮಾಡಿ ಹಾಕಿ, ಬಾಯಿ ಮುಚ್ಚಿಕೊಂಡು ಇರುತ್ತೇನೆ. ಇರಲು ಪ್ರಯತ್ನವನ್ನಾದರೂ ಮಾಡುತ್ತೇನೆ.

ನಿನ್ನ ಮಗ ಅನಿರುದ್ಧನಿಗೆ ದೊಡ್ಡಮ್ಮನ ಮುತ್ತು ತಲುಪಿಸು. ನಿನ್ನ ಗಾಯ ಬೇಗ ಮಾಯಲಿ. ನೂರು ಕಾಲ ನನ್ನ ಮೇಲೆ ಕೋಪ ಮಾಡಿಕೊಂಡಾದರೂ ಬಾಳು.

ನಿನ್ನ,
ಕುಮುದಕ್ಕ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅಮ್ಮ ಕೊನೆಗೆ ನಿನ್ನ ಹೆಸರೂ ಎತ್ತಲಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ನಲವತ್ತು ದಿನ ಹಾಸಿಗೆಯ ಪಕ್ಕ ಇದ್ದವಳು ನಾನು. ಕೊನೆಯ ದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು, "ಉಷಾ, ಬಂದ್ಯಾ?" ಅಂದಳು. "ಹೂಂ ಅಮ್ಮ, ಬಂದೆ" ಅಂದೆ. ಕುಮುದಾ ಎಲ್ಲಿ ಎಂದು ಕೇಳಲಿಲ್ಲ. ಆ ಸಂಕಟವನ್ನೇ ನಿನ್ನ ಮೇಲೆ ಎಳ್ಳುನೀರು ಅಂತ ಚೆಲ್ಲಿದೆ. ಅಮ್ಮನನ್ನು ನೋಡಲಾಗಲಿಲ್ಲ ಎಂದು ಇನ್ನು ಕೊರಗಬೇಡ. ಅವಳು ನಿನ್ನನ್ನು ನೋಡಿಕೊಂಡೇ ಹೋದಳು.