ಮೋಡದಲ್ಲೂ ಕೆಲಸ ಮಾಡಿದ ಉಂಡೆಗಳು

ಮಾರ್ಚ್ 4
ತೊಟ್ಟಿ ತೊಳೆದೆ. ಉಂಡೆ ಬದಲಿಸಿದೆ. ಆಸ್ಪತ್ರೆಯ ಮೋರಿ ನೀರು ಎಂದಿನಂತೆ ಗಬ್ಬು... ಮೂಗಿಗೆ ಈಗ ಅಭ್ಯಾಸ. ವಾರ್ಡುಗಳಿಂದ ಹರಿದು ಬರುವ ಆಂಟಿಬಯಾಟಿಕ್ಕನ್ನು ಬಿಸಿಲಿನ ಬಲದಿಂದ ಪುಡಿಗಟ್ಟುವುದು ನಮ್ಮ ಕೆಲಸ. ಜೇಡಿಮಣ್ಣಿನ ಉಂಡೆ, ಮೇಲೆ ಟೈಟಾನಿಯಂ ಬಿಳಿಯ ಲೇಪ. ಬಿಸಿಲು ಬಿದ್ದಾಗ ಆ ಲೇಪ ಔಷಧವನ್ನು ಒಡೆದು ಹಾಕುತ್ತದೆ. ಹೊರಹೋಗುವ ನೀರಿನಲ್ಲಿ ಏನೂ ಇಲ್ಲ ಎಂದಿತು ಮಿಷಿನ್. ಪ್ರೊಫೆಸರ್ ಒಗುಟಾಗೆ ಖುಷಿಯೋ ಖುಷಿ.

"ಅವಿನೊ, ಹೀಗೇ ನಡೆದ್ರೆ ಕಿಸುಮು ಊರ ತುಂಬಾ ನಿಂದೇ ತೊಟ್ಟಿ ಕಣಮ್ಮ."

ಮಧ್ಯಾಹ್ನ ತಂಗಿ ಅಪೊಂಡಿ ಊಟ ತಂದಳು. ಉಗಾಲಿ ಮುದ್ದೆ, ಒಮೆನಾ ಮೀನು. ತುಂಬು ಬಸುರಿ, ನಡೆದು ಬರಬೇಡ ಎಂದರೆ ಕೇಳಬೇಕಲ್ಲ. ಗಂಡ ದೋಣಿ ಹತ್ತಿ ಸರೋವರದ ಮೇಲಿದ್ದಾನೆ, ಮನೆಯಲ್ಲಿ ಬೇಜಾರಂತೆ.

ಮಾರ್ಚ್ 12
ವಾರವಿಡೀ ಮೋಡ. ಮಳೆ ಈ ಸಲ ಬೇಗ. ಬಿಸಿಲಿನ ಸುಳಿವಿಲ್ಲ. ಆದರೂ ಹೊರನೀರಿನಲ್ಲಿ ಏನೂ ಇಲ್ಲ.

"ನೋಡ್ದ್ಯಾ, ಮೋಡದಲ್ಲೂ ಕೆಲಸ ಮಾಡುತ್ತೆ," ಎಂದರು ಪ್ರೊಫೆಸರ್.

ಬೆಳಕಿಲ್ಲದೆ ಒಡೆಯುವುದು ಹೇಗೆ?

ಮಾರ್ಚ್ 13
ಒಂದು ತೊಟ್ಟಿಗೆ ಕಪ್ಪು ಟಾರ್ಪಾಲು ಹೊದಿಸಿದೆ. ಗಾಢ ಕತ್ತಲು. ಸಂಜೆ ನೋಡಿದರೆ ಅಲ್ಲೂ ನೀರು ಸ್ವಚ್ಛ! ಹಾಗಾದರೆ ಔಷಧ ಹೋಯಿತೆಲ್ಲಿಗೆ?

ಬಳಸಿ ತೆಗೆದ ಉಂಡೆಗಳನ್ನು ಒಗೆಯುವ ಸೋಡಾ ಕದಡಿದ ನೀರಿನಲ್ಲಿ ನೆನೆಸಿ, ಆ ನೀರನ್ನು ಮಿಷಿನ್ನಿಗೆ ಕೊಟ್ಟೆ. ಔಷಧದ ಗೆರೆ ಪರದೆ ದಾಟಿ ಮೇಲೆ ಹೋಯಿತು. ಎಲ್ಲ ಅಲ್ಲೇ ಇದೆ. ಬೆಳಕು ಒಡೆದಿದ್ದು ಅಷ್ಟಕ್ಕಷ್ಟೇ, ಮಣ್ಣು ಹೀರಿ ಕೂತಿದೆ. ಮೊದಲೇ ಕತ್ತಲಲ್ಲಿಟ್ಟು ಪರೀಕ್ಷಿಸಬೇಕಿತ್ತು. ಆತುರ ಬಿದ್ದೆವು.

ಹೀರದೇ ಇರುತ್ತದೆಯೇ? ಸಂತೆಯಲ್ಲಿ ಒಡೋವಾ ಮಾರುವ ಹೆಂಗಸರ ಹತ್ತಿರ ಆರಿಸಿ ತಂದ ಮಣ್ಣು. ನಮ್ಮ ಬಸುರಿಯರು ಬಾಯಿ ಚಪಲಕ್ಕೆ ಕಡಿಯುವ ಅದೇ...

ಅಯ್ಯೋ. ಬಳಸಿದ ಉಂಡೆಗಳನ್ನೆಲ್ಲ ಶೆಡ್ಡಿನ ಹಿಂದೆ ಗೋಣಿಯ ಮೇಲೆ ಒಣಹಾಕುತ್ತಾ ಬಂದಿದ್ದೇನೆ.

ಮಾರ್ಚ್ 14, ಮಧ್ಯಾಹ್ನ
ಬೆಳಿಗ್ಗೆಯೇ ಬಂದು ನೋಡಿದೆ. ಗೋಣಿಯ ಒಂದು ಮೂಲೆ ಖಾಲಿ. ಹೆಗ್ಗಣ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮಧ್ಯಾಹ್ನ ಅಪೊಂಡಿ ಬಂದಳು, ಬಾಯಲ್ಲಿ ಕಟಕಟ.

"ಏನೇ ಅದು?"

"ಒಡೋವಾ."

"ಎಲ್ಲೀದು?"

"ನಿಂದೇ. ಹಿಂದ್ಗಡೆ ಒಣಗ್ಸಿದ್ಯಲ್ಲ. ಸಂತೇದಕ್ಕಿಂತ ಗರಿಗರಿಯಾಗಿದೆ ಅಕ್ಕ. ಒಂಚೂರು ಕಹಿ, ಅಷ್ಟೇ."

"ಯಾವತ್ತಿಂದ ತಿಂತಿದ್ದೀಯ?"

"ಊಟ ತರೋಕೆ ಶುರು ಮಾಡ್ದಾಗ್ಲಿಂದ. ಯಾಕೆ, ಒಂದು ಹಿಡಿ ಮಣ್ಣಿಗೂ ಜಿಪುಣತನಾನಾ?"

ಬಾಯಿಗೆ ಬೆರಳು ಹಾಕಿ ತೆಗೆಸಿದೆ. ಬೆರಳು ಕಚ್ಚಿದಳು. ಹುಚ್ಚಿ ಎಂದು ಬೈದಳು. ಬೈಯಲಿ. ಬರೀ ಔಷಧವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಆ ಉಂಡೆ ಹೀರಿದ್ದು ಮೋರಿ ನೀರು. ಅದರಲ್ಲಿರುವ ಕ್ರಿಮಿಗಳು ಆ ಔಷಧಗಳಲ್ಲೇ ಮಿಂದು ಬದುಕಿದವು. ಇನ್ನು ಅದೇ ಔಷಧಕ್ಕೆ ಜಗ್ಗುವುದಿಲ್ಲ.

ಮಾರ್ಚ್ 15
ಪ್ರೊಫೆಸರ್‌ಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಹಿಡಿದು ಕೂತುಬಿಟ್ಟರು.

"ತೊಟ್ಟಿ ಹಾಳಾಗ್ಲಿ. ಮೊದ್ಲು ಆ ಹುಡುಗೀನ ಡಾಕ್ಟ್ರಿಗೆ ತೋರಿಸು."

ಉಂಡೆಗಳನ್ನೆಲ್ಲ ಡ್ರಮ್ಮಿಗೆ ತುಂಬಿ ಬೀಗ ಹಾಕಿಸಿದರು. ಹೆರಿಗೆ ವಾರ್ಡಿನ ಡಾಕ್ಟರ್ ಚೆಲಿಮೊ ಅಪೊಂಡಿಯನ್ನು ಪರೀಕ್ಷಿಸಿದರು. ಸದ್ಯಕ್ಕೆ ಏನೂ ಇಲ್ಲ, ಜ್ವರ ಬಂದರೆ ತಡಮಾಡದೆ ಕರೆತನ್ನಿ ಎಂದರು.

ಮಾರ್ಚ್ 22
ಜ್ವರ ಇಲ್ಲ. ಹೊತ್ತುಹೊತ್ತಿಗೆ ಅವಳ ಹಣೆ ಮುಟ್ಟುತ್ತೇನೆ.

"ಹಣೆ ಸವೆದೋಗುತ್ತೆ, ಬಿಡೇ."

ನಗುತ್ತಾಳೆ. ನನಗೆ ಅನ್ನ ಸೇರುತ್ತಿಲ್ಲ.

ಮಾರ್ಚ್ 29
ಅಪೊಂಡಿಗೆ ಉರಿಮೂತ್ರ. ಬೆನ್ನುನೋವು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡ. ಬಾಡಿಗೆಯ ಬೋಡಾ ಬೈಕಿನಲ್ಲಿ ಸವಾರನಿಗೂ ನನಗೂ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಬಂದೆ. ದಾರಿಯುದ್ದಕ್ಕೂ ನನ್ನ ಕೈಯನ್ನು ಹೊಟ್ಟೆಯ ಮೇಲೆ ಒತ್ತಿಕೊಂಡಿದ್ದಳು. ಇಂಜೆಕ್ಷನ್ ಶುರು ಮಾಡಿದ್ದಾರೆ.

ಏಪ್ರಿಲ್ 1
ಮೊದಲನೆಯ ಔಷಧ ಹತ್ತಲಿಲ್ಲ. ಎರಡನೆಯದೂ ಹತ್ತಲಿಲ್ಲ. ಜ್ವರ ಇಳಿಯುತ್ತಿಲ್ಲ. ಮಗುವಿನ ಎದೆಬಡಿತ ಓಡುತ್ತಿದೆಯಂತೆ.

ಡಾಕ್ಟರ್ ಚೆಲಿಮೊ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ನೀರಲ್ಲಿ ಯಾವ್ಯಾವ ಔಷಧ ಸಿಕ್ತಿತ್ತು, ಹೇಳಿ."

ಬಾಯಿಪಾಠ ಒಪ್ಪಿಸಿದೆ. ಒಂದೊಂದು ಹೆಸರಿಗೂ ಅವರ ಮುಖ ಇಳಿಯುತ್ತಾ ಹೋಯಿತು. ವಾರ್ಡಿನ ಕಪಾಟಿನಲ್ಲಿರುವುದೂ ಅವೇ.

"ಇನ್ನು ಉಳಿದಿರೋದು ಇದೊಂದೇ," ಎಂದು ಒಂದು ಸೀಸೆ ತೋರಿಸಿದರು. "ಇದು ನಿಮ್ಮ ನೀರಲ್ಲಿತ್ತಾ? ಇದ್ದಿದ್ರೆ ಇದೂ ಹತ್ತೋದು ಕಷ್ಟ. ಈಗ್ಲೇ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಇಲ್ಲ ಅಂದ್ರೆ ಇಲ್ಲೇ ನೋಡೋಣ."

"ಇಲ್ಲ," ಎಂದೆ.

ಏಪ್ರಿಲ್ 1, ಸಂಜೆ
ವಾರ್ಡಿನ ಹೊರಗೆ ಬೆಂಚು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಇಲ್ಲ ಎಂದೆ. ಆ ಔಷಧವನ್ನು ನಾವು ಹುಡುಕಿಯೇ ಇಲ್ಲ. ಅದನ್ನು ಗುರುತಿಸಲು ಬೇಕಾದ ಮಾದರಿ ಲ್ಯಾಬಿಗೆ ಬಂದೇ ಇಲ್ಲ. ಮಿಷಿನ್ನಿಗೆ ಅದು ಕಾಣುವುದೇ ಇಲ್ಲ. ನೀರಿನಲ್ಲಿ ಇತ್ತೋ ಇರಲಿಲ್ಲವೋ ದೇವರಿಗೇ ಗೊತ್ತು. ಗೊತ್ತಿಲ್ಲ ಎನ್ನಬೇಕಿತ್ತು. ಒಂದಾದರೂ ಉಳಿದಿರಲಿ ಎಂಬ ಆಸೆ... ಅಷ್ಟೇ.

ಹೇಳಿಬಿಟ್ಟರೆ ಈಗಲೇ ಆಂಬುಲೆನ್ಸ್. ದಾರಿಯೆಲ್ಲ ಗುಂಡಿ, ಅವಳ ಮೈಯಲ್ಲಿ ಜ್ವರ. ಹೇಳದಿದ್ದರೆ, ಹತ್ತದ ಔಷಧಕ್ಕೆ ಕಾಯುತ್ತಾ ಕೂರುವುದು. ಎರಡೂ ಭಯ. ಹೇಳಲೇಬೇಕು.

ಕಿಟಕಿಯಲ್ಲಿ ಕಾಣುತ್ತಿದೆ. ನರ್ಸ್ ಸೀಸೆ ನೇತುಹಾಕುತ್ತಿದ್ದಾಳೆ. ಎದ್ದು ಹೋಗಬೇಕು. ಬರೆಯುತ್ತಲೇ ಕೂತಿದ್ದೇನೆ.

ಅಪೊಂಡಿ ಈ ಕಡೆ ತಿರುಗಿದಳು. ಸೀಸೆ ತೋರಿಸಿ ಕಣ್ಣಲ್ಲೇ ಕೇಳಿದಳು, ಇದು ಹತ್ತುತ್ತೆ ತಾನೇ ಅಕ್ಕ ಅಂತ.

ಹೂಂ ಎಂದು ತಲೆಯಾಡಿಸಿದೆ. ಮತ್ತೆ ಅದೇ ಸುಳ್ಳು. ಸಾಕು, ಎದ್ದು ಹೋಗಿ ಡಾಕ್ಟರಿಗೆ ಹೇಳಿಬಿಡು—