ಗಂಗಕ್ಕನ ಹನ್ನೊಂದು ನಿಮಿಷ

ಮೌನ ಶಕ ೪೧೨, ಹದಿನಾಲ್ಕನೇ ತಿಂಗಳ ಮೂವತ್ತೆಂಟನೇ ದಿನ.
ಗಜೇಂದ್ರಗಡದ ಗುಡ್ಡದ ಮೇಲಿನ ಕೇಳುಮನೆಯಿಂದ.

ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ತಮ್ಮನಿಗೆ ಚಹಾ ತಂದು ನಿಂತಿರುವ ಗಂಗಕ್ಕನವರೇ!

ಬೆಚ್ಚಬೇಡಿ. ನಿಮ್ಮ ತಮ್ಮ ಚನ್ನವೀರಪ್ಪ ಈಗಷ್ಟೇ ತನ್ನ ಹ್ಯಾಮ್ ರೇಡಿಯೋದಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಚುಚ್ಚಿದ್ದಾನೆ. ರೇಡಿಯೋದ ಚಿಲಿಪಿಲಿಯನ್ನು ಕಂಪ್ಯೂಟರು ಅಕ್ಷರ ಮಾಡಿ ಪರದೆಗೆ ಎಳೆಯುತ್ತಿದೆ. ಆ ಅಕ್ಷರಗಳೇ ನಾನು! ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ನಿಮಗಿಂತ ಶತಮಾನಗಳಷ್ಟು ಮುಂದಿರುವ ನಮ್ಮಲ್ಲಿ ಪುಸ್ತಕಗಳು ಉಳಿದಿವೆ, ದನಿ ಉಳಿದಿರಲಿಲ್ಲ. ಮಹಾಮೌನ ಕವಿದ ಮೂರು ತಲೆಮಾರು ಇಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮತ್ತೆ ಬಾಯಿ ತೆರೆದ ಹಿರಿಯರಿಗೆ ಆಕಾಶದಲ್ಲಿ ಅಲೆಯುತ್ತ ಸಿಕ್ಕಿದ್ದು ಒಂದೇ ಒಂದು ಮನೆಯ ಮಾತು. ನಿಮ್ಮದು!

ಹೇಗೆನ್ನುತ್ತೀರಾ? ಈ ಓಲೆ ಮುಗಿಯುತ್ತಲೇ ರೇಡಿಯೋದ ಹಸಿರು ದೀಪ ಕೆಂಪಾಗುತ್ತದೆ. ಚನ್ನವೀರಪ್ಪ ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆಯಲು ಮರೆತಿದ್ದಾನೆ. ಯಾರೂ ಗುಂಡಿ ಒತ್ತದೆ ರೇಡಿಯೋ ತಾನಾಗಿ ಪ್ರಸಾರಕ್ಕೆ ಬೀಳುತ್ತದೆ, ಕೋಣೆಯ ಪಿಸುಮಾತೂ ಲೋಕಕ್ಕೆ ಹೊರಡುತ್ತದೆ. “ತಮ್ಮಾ, ಕೆಂಪ್ ದೀಪ ಹತ್ತೇತಲ್ಲೋ!” ಎನ್ನುತ್ತೀರಿ ನೀವು. “ನಿನಗೇನ್ ತಿಳಿತೈತಿ ಬಿಡಬೇ ಅಕ್ಕಾ, ಹೊಸಾ ಕೇಬಲ್ಲು, ಹಂಗ ಹತ್ತತೈತಿ,” ಎನ್ನುತ್ತಾನೆ ಆ ಮಹಾಪಂಡಿತ!

ಹಾಗೆ ಹೊರಟು ನಮ್ಮನ್ನು ತಲುಪಿದ ಹನ್ನೊಂದು ನಿಮಿಷದ ಮಾತೇ ನಮ್ಮ ಶಾಲೆ, ನಮ್ಮ ಸಂತೆ. ಕೇಳದ್ದನ್ನು ಆಡಬಾರದು ಎಂಬುದು ಇಲ್ಲಿಯ ಕಟ್ಟಳೆ. ಹಾವು ಕಂಡರೆ ಮಕ್ಕಳು ಕಿರುಚುವುದು “ಕೆಂಪ್ ದೀಪ ಹತ್ತೇತಲ್ಲೋ!” ಎಂದು. ಜ್ವರದ ಹಣೆ ಮುಟ್ಟಿ ವೈದ್ಯ ಸಮಾಧಾನ ಹೇಳುವುದು “ಹೊಸಾ ಕೇಬಲ್ಲು, ಹಂಗ ಹತ್ತತೈತಿ” ಎಂದು. ವರ್ಷಕ್ಕೊಮ್ಮೆ ಅಷ್ಟನ್ನೂ ರಂಗದ ಮೇಲೆ ಆಡುತ್ತೇವೆ. ಸೂತ್ರಧಾರ ನಾನು, ಕಲ್ಲಿನಾಥ. ಮೂವತ್ತು ವರ್ಷ ನಿಮ್ಮ ಪಾತ್ರ ಕಟ್ಟಿದವಳು ನನ್ನ ಹೆಂಡತಿ ನೀಲಾಂಬಿಕೆ.

ಕೊನೆಯ ಎರಡು ನಿಮಿಷ ನೀವು ಜೋಗುಳ ಹಾಡುತ್ತೀರಿ. ಯಾಕೆ? ಆ ಕೋಣೆಯಲ್ಲಿ ಕೂಸೇ ಇಲ್ಲ! ಜೋಗುಳ ಮೊದಲಿಂದ ಇತ್ತೆಂದೇ ಎಲ್ಲರ ನಂಬಿಕೆ. ಆದರೆ ಮೊನ್ನೆ ಅಜ್ಜನ ಪೆಟ್ಟಿಗೆಯಲ್ಲಿ ಅವನ ಕೈಬರಹದ ಹಾಳೆಯೊಂದು ಸಿಕ್ಕಿತು: “ಒಟ್ಟು ಒಂಬತ್ತು ನಿಮಿಷ. ನಮ್ಮ ಕೂಸುಗಳಿಗೆ ಜೋಗುಳವಿಲ್ಲ. ಗಂಗಕ್ಕನಿಗೆ ಓಲೆ ಕಳಿಸಿದ್ದೇನೆ.”

ಅವನು ಕೇಳಿದ್ದಕ್ಕೇ ನೀವು ಹಾಡಿದ್ದು! ಪರದೆಯಲ್ಲಿ ನನ್ನ ಸಾಲುಗಳ ಮೇಲೆ ಇನ್ನೊಂದು ಓಲೆ ಇದೆಯೇ? ಅದು ಅವನದೇ.

ನೀಲಾಂಬಿಕೆಯ ಉಸಿರು ಇಳಿಯುತ್ತಿದೆ. ನಾಳೆಯನ್ನು ದಾಟಲಾರಳು. ಹೊರಟವರಿಗೆ ಏನನ್ನಬೇಕೆಂದು ಪುಸ್ತಕಗಳಲ್ಲಿ ಓದಿದ್ದೇನೆ: ಹೋಗಿ ಬಾ. ಎಷ್ಟು ಎಳೆಯಬೇಕು? ದನಿ ಎಲ್ಲಿ ನಡುಗಬೇಕು? ನೀವು ಆ ಮಾತು ಆಡಿಲ್ಲ. ಅದಕ್ಕೇ ನಮ್ಮ ಸತ್ತವರನ್ನೆಲ್ಲ ಬಾಯಿ ಮುಚ್ಚಿಕೊಂಡು ಕಳಿಸಿದ್ದೇವೆ.

ಜೋಗುಳ ಮುಗಿಯುವಾಗ ಚನ್ನವೀರಪ್ಪ ಕೇಬಲ್ ಕೀಳಲು ಕೈ ಚಾಚುತ್ತಾನೆ. ಆ ಕೈ ಹಿಡಿಯಿರಿ! ದೀಪ ಕೆಂಪಾಗಿರುವಾಗಲೇ ಆ ಮಾತನ್ನು ಒಂದು ಸಲ, ಒಂದೇ ಸಲ ಹೇಳಿ. ಹೇಳಿದರೆ ನಾಳೆ ಬೆಳಗ್ಗೆ ನಮಗೆ ಹನ್ನೆರಡು ನಿಮಿಷ. ಹನ್ನೊಂದಿತ್ತೆಂದು ನನಗೂ ನೆನಪಿರುವುದಿಲ್ಲ, ಈ ಓಲೆ ಬರೆದದ್ದೂ ಮರೆತುಹೋಗುತ್ತದೆ. ಹೋಗಲಿ!

ಓಲೆಯ ಕೊನೆಗೆ ನಿಮ್ಮ ಕಾಲದವರು ಏನೋ ಹೇಳಿ ಬೀಳ್ಕೊಡುತ್ತಿದ್ದರಂತೆ. ನನ್ನ ಬಾಯಲ್ಲಿ ಅದಿಲ್ಲ. ಇಲ್ಲಿಗೆ ನಿಲ್ಲಿಸಿ ಅವಳ ಕೈ ಹಿಡಿದು ಕೂರುತ್ತೇನೆ, ಕಿವಿ ತೆರೆದುಕೊಂಡು.

ಗಂಗಕ್ಕನವರೇ, ದೀಪ ನೋಡಿ.