ಎರಡರಿಂದ ಐದರವರೆಗೆ ಆಶಾರಾಣಿ ಎಲ್ಲಿದ್ದಳು?

ವಿಶ್ವವಿದ್ಯಾನಿಲಯದ ಪರೀಕ್ಷಾಂಗ ಕುಲಸಚಿವರಿಗೆ,

ಮಾನ್ಯರೇ,

2003ರ ಮೇ 14, ಬುಧವಾರ, ಮಧ್ಯಾಹ್ನ ಎರಡರಿಂದ ಐದು ಗಂಟೆಯವರೆಗೆ ಎಚ್.ಡಿ. ಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್ ಬಳಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಕುಳಿತು ಪರೀಕ್ಷೆ ಬರೆದ ಹುಡುಗಿಯನ್ನು ನಿಮ್ಮ ಕಚೇರಿ ಗೈರುಹಾಜರಿ ಎಂದು ದಾಖಲಿಸಿತು. ಮರುವರ್ಷ ಮೇ 12ರಂದು ಅವಳು ಅದೇ ಕುರ್ಚಿಯಲ್ಲಿ ಕುಳಿತಳು. ಮತ್ತೆ ಗೈರುಹಾಜರಿ. ಈ ಮೇ 11 ಅವಳ ಮೂರನೆಯ ಹಾಗೂ ನಿಮ್ಮ ನಿಯಮದಂತೆ ಕಡೆಯ ಅವಕಾಶ. ಅದೂ ತಪ್ಪಿದರೆ ತಂತ್ರಾಂಶ ಅಭಿವೃದ್ಧಿಯ ಮೂರು ವರ್ಷದ ಪದವಿ ಇಲ್ಲವಾಗುತ್ತದೆ. ವೇಳಾಪಟ್ಟಿ ಬಂದಿದೆ: ಮಧ್ಯಾಹ್ನ ಎರಡರಿಂದ ಐದು. ನಮ್ಮ ಕಡೆ ಕರೆಂಟ್ ಇಲ್ಲದ ಹೊತ್ತೂ ಎರಡರಿಂದ ಐದು. ಸಿಟ್ಟಿನಿಂದ ಬರೆಯಬೇಕೆಂದು ಕುಳಿತೆ. ಬರಲಿಲ್ಲ. ನಿಮಗೆ ಬರೆದ ನಾಲ್ಕು ಪತ್ರಗಳಲ್ಲಿ ಅದು ಮುಗಿದುಹೋಗಿದೆ ಎಂದು ಕಾಣುತ್ತದೆ. ಈ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಈ ಪದವಿ ಹುಟ್ಟಿದ ದಿನ ನಾನು ಅಲ್ಲಿದ್ದೆ. 1999ರ ಡಿಸೆಂಬರಿನಲ್ಲಿ ಹುಣಸೂರಿನಲ್ಲಿ ಯೋಜನಾ ಸಭೆ ಕರೆದಿದ್ದಿರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಮಕ್ಕಳು ಊರಲ್ಲೇ ಕಲಿಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶ. ನಿವೃತ್ತ ಗಣಿತ ಮೇಷ್ಟರಾದ ನಾನು ಸಾರ್ವಜನಿಕ ಪ್ರತಿನಿಧಿ. ಆ ದಿನ ಅತಿ ಹೆಚ್ಚು ಚರ್ಚೆಯಾದ ವಿಷಯ ಯಾವುದು ಗೊತ್ತೇ? ಚಪ್ಪಲಿ. ಗಣಕಯಂತ್ರಕ್ಕೆ ಧೂಳು ಆಗದು, ಆದ್ದರಿಂದ ಪ್ರಯೋಗಾಲಯದ ಹೊರಗೆ ಚಪ್ಪಲಿ ಬಿಡಬೇಕು, ಅದಕ್ಕೊಂದು ಗೂಡು ಬೇಕು, ಕಿಟಕಿಗೆ ಪರದೆ ಬೇಕು, ಪರದೆ ನೀಲಿಯೋ ಹಸಿರೋ. ಮುಕ್ಕಾಲು ಗಂಟೆ ಮಾತಾಡಿದೆವು. ದೇವಸ್ಥಾನ ಕಟ್ಟುವ ಸಮಿತಿಯೂ ಅಷ್ಟು ಹೊತ್ತು ತೆಗೆದುಕೊಳ್ಳಲಾರದು. ಕರೆಂಟಿನ ಮಾತನ್ನು ಯಾರೂ ಎತ್ತಲಿಲ್ಲ. ಯಂತ್ರ ಯಾವುದರಿಂದ ನಡೆಯುತ್ತದೆಂದು ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ.

ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿದ್ದ ಕಾಲ ನನಗೆ ನೆನಪಿದೆ. ಆನೆ ಹಿಡಿಯುವವರು ಬೇಲಿಗೆ ಮೊದಲ ಮರ ಕಡಿಯುವ ಮುಂಚೆ, ಹಿಂಡು ಯಾವ ಹೊತ್ತಿಗೆ ಹೊಳೆಗೆ ಇಳಿಯುತ್ತದೆಂದು ತಿಂಗಳುಗಟ್ಟಲೆ ನೋಡುತ್ತಿದ್ದರು. ಆನೆಯ ಹೊತ್ತನ್ನು ಕಾಡಿನವರ ಬಳಿ ಕೇಳಿ ತಿಳಿಯುವ ವಿವೇಕ ಅಂದಿನ ಆಡಳಿತಕ್ಕಿತ್ತು. ಕರೆಂಟಿನ ಹೊತ್ತನ್ನು ಒಬ್ಬ ಲೈನ್‌ಮನ್ನನ್ನು ಕೇಳಿ ತಿಳಿಯಲು ನಿಮಗೇನು ಅಡ್ಡಿಯಾಗಿತ್ತು? ಬೆಳಗಿನ ಪಾಳಿ ಪಂಪ್‌ಸೆಟ್ಟಿಗೆ, ಎರಡಕ್ಕೆ ನಮ್ಮ ಫೀಡರ್ ಬಂದ್, ಐದಕ್ಕೆ ವಾಪಸ್. ನಮ್ಮ ಲೈನ್‌ಮನ್ ನಟರಾಜುವನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ. ಪರೀಕ್ಷೆಯ ಮುಂಚೆ ಅವನ ಬಳಿ ಹೋಗಿ, ಒಂದು ದಿನದ ಮಟ್ಟಿಗೆ ಪಾಳಿ ಬದಲಿಸಲಾಗದೇ ಎಂದು ಬೇಡಿದೆ.

"ನಾನ್ ಬದ್ಲಾಯ್ಸಿದ್ರೆ ಹನ್ನೆಲ್ಡ್ ಹಳ್ಳಿಯೋರು ನನ್ನೇ ಕಂಬಕ್ ಕಟ್ತಾರೆ ಕಣ್ರೀ ಮೇಷ್ಟ್ರೇ," ಎಂದ. "ಒಂದ್ ಕಾಲೇಜು ಒಂದ್ ಪರೀಕ್ಸೆನ ಬೆಳಿಗ್ಗೆ ಮಡಿಕೊಳಕ್ಕಾಗಕಿಲ್ವಾ?"

ನಾನು ಮಾತು ಬದಲಿಸಿ ಎದ್ದುಬಂದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲ ತಂಡದಲ್ಲಿ ಹನ್ನೊಂದು ಮಂದಿ. ವಾರವಿಡೀ ಮಧ್ಯಾಹ್ನ ಅವರು ಕಪ್ಪು ಪರದೆಗಳ ಮುಂದೆ ಕುಳಿತರು. ಅಧ್ಯಾಪಕ ಗೌರೀಶ್ ಆ ಕತ್ತಲಿಗೆ ಒಂದು ವಿಧಾನ ಕಂಡುಕೊಂಡರು. ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಹಾಳೆಯ ಮೇಲೆ ಬರೆಸುವುದು, ಆಮೇಲೆ ಯಂತ್ರ ಮಾಡುವ ಕೆಲಸವನ್ನು ಮಕ್ಕಳೇ ಮಾಡುವುದು. ಒಬ್ಬಳು ಲೆಕ್ಕ ಹಿಡಿಯುವವಳು, ಒಬ್ಬ ಸಾಲು ಓದುವವನು, ಒಬ್ಬ ಹಿಂದಕ್ಕೆ ಹೋಗು ಎಂದಾಗ ಹಿಂದಕ್ಕೆ ಹೋಗುವವನು. ತಪ್ಪಿದ್ದರೆ ಆ ಸಾಲಿನಲ್ಲೇ ನಿಲ್ಲುತ್ತಿದ್ದರು. ಭಾನುವಾರ ಬೆಳಿಗ್ಗೆ ಬೀಗ ತೆಗೆಸಿ ಅದನ್ನೇ ಯಂತ್ರಕ್ಕೆ ಹಾಕಿದರೆ, ಆಶಾರಾಣಿ ಹಾಳೆಯಲ್ಲಿ ಬರೆದ ಉತ್ತರವೇ ಪರದೆಯ ಮೇಲೆ ಬರುತ್ತಿತ್ತು. ಜನರೇಟರ್ ಇಲ್ಲವೇ ಎಂದು ಕೇಳುವಿರಿ. ನಿಮ್ಮ ಪರಿಶೀಲನಾ ಸಮಿತಿ ಬಂದ ದಿನ ಇತ್ತು, ಬಾಡಿಗೆಗೆ ತಂದದ್ದು. ಸಮಿತಿಯ ಕಾರಿನ ಹಿಂದೆಯೇ ಅದೂ ಹೋಯಿತು. ಚಪ್ಪಲಿ ಗೂಡು ಮಾತ್ರ ಈಗಲೂ ಗಟ್ಟಿಯಾಗಿದೆ.

ಮೊದಲೆರಡು ವರ್ಷದ ಪ್ರಾಯೋಗಿಕ ಅಂಕ ಕಾಲೇಜೇ ಕೊಡುವಂಥದ್ದು, ತೊಂದರೆಯಾಗಲಿಲ್ಲ. ಮೂರನೆಯ ವರ್ಷದ್ದು ನಿಮ್ಮದು. ಆ ಮೇ 14ರಂದು ನಿಮ್ಮ ಪರೀಕ್ಷಕರು ಬಂದರು. ಸಭ್ಯರು. ಬೂಟು ಬಿಟ್ಟು ಕಾಲುಚೀಲದಲ್ಲಿ ಒಳಗೆ ಹೋಗಿ, ಪ್ರಶ್ನೆಪತ್ರಿಕೆಯ ಲಕೋಟೆಯಿಂದಲೇ ಗಾಳಿ ಬೀಸಿಕೊಳ್ಳುತ್ತ ಕುಳಿತರು. ನಾನು ಜಗಲಿಯಲ್ಲಿದ್ದೆ. ಆಶಾರಾಣಿ ಹಾಳೆಯಲ್ಲಿ ಕ್ರಮವಿಧಿ ಬರೆದಳು, ತಾನೇ ಯಂತ್ರವಾಗಿ ಅದನ್ನು ನಡೆಸಿದಳು, ಉತ್ತರವನ್ನೂ ಬರೆದಳು. ಪರೀಕ್ಷಕರು ಎರಡು ಸಲ ಓದಿದರು.

"ಸರಿಯಾಗಿದೆಯಮ್ಮ. ಮುದ್ರಿತ ಪ್ರತಿ?"

"ಕರೆಂಟ್ ಬಂದ ತಕ್ಷಣ ಕೊಡ್ತೀನಿ ಸರ್. ಹತ್ತು ನಿಮಿಷ ಸಾಕು."

"ಐದಕ್ಕೆ ಮುಚ್ಚಬೇಕು. ಮುದ್ರಿತ ಪ್ರತಿ ಇಲ್ಲದಿದ್ದರೆ ಗೈರು ಅಂತ ನಮೂದಿಸಬೇಕು. ನಿಯಮ."

"ನಾನು ಇಲ್ಲೇ ಇದೀನಲ್ಲ ಸರ್."

ಐದಕ್ಕೆ ಅವರು ಉತ್ತರಪತ್ರಿಕೆಯ ಕಟ್ಟಿಗೆ ಅರಗು ಹಚ್ಚಿದರು. ಅರಗು ಆರುವ ಮೊದಲೇ ಫ್ಯಾನು ತಿರುಗಿತು, ಹನ್ನೊಂದು ಪರದೆಗಳು ಒಟ್ಟಿಗೆ ಬೆಳಗಿದವು. ಕಾವಲುಗಾರ ಹುಚ್ಚಯ್ಯ ಬಾಗಿಲಲ್ಲಿ ನಿಂತು, "ಬಂತಲ್ಲವ್ವ, ಈಗ್ ಟೈಪ್ ಒಡೀರಿ ಅದೇನ್ ಒಡೀತೀರೋ," ಎಂದ. ಮಕ್ಕಳು ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಹೋದರು.

ಉಳಿದ ಹತ್ತು ಮಂದಿ ಒಬ್ಬೊಬ್ಬರಾಗಿ ಬಿಟ್ಟರು. ಆಶಾರಾಣಿ ಬಿಡಲಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದಿದ್ದ ಸ್ನಾತಕೋತ್ತರ ಸೀಟು ಹೋಯಿತು. ಅದರ ಬಗ್ಗೆ ಅವಳು ಹೆಚ್ಚು ಮಾತಾಡುವುದಿಲ್ಲ. ಅವಳ ತಾಯಿ ಶಿವರುದ್ರಮ್ಮ ಹೇಳಿದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಗಂಡಿನ ಕಡೆಯವರು ಬಂದು ಅಂಕಪಟ್ಟಿ ನೋಡಿ ಹೋದ ಮಾರನೆಯ ದಿನ ಆಕೆ ನನ್ನ ಮನೆಗೆ ಬಂದಿದ್ದರು.

"ಪರೀಕ್ಸೆಗೆ ಅಂತ ಮನೆಯಿಂದ ಹೋಗವ್ಳೆ, ಅಲ್ಲಿ ಬಂದೇ ಇಲ್ಲ ಅಂತ ಬರ್ದವ್ರೆ. ಅಂಗಾದ್ರೆ ಎಲ್ಡೂ ಸಲ ಎಲ್ಲಿಗ್ ಹೋಗಿದ್ಲು ಅಂತ ಕೇಳ್ತಾರೆ ಕಣ್ರೀ ಮೇಷ್ಟ್ರೇ. ಫೇಲು ಅಂತ ಬರ್ದಿದ್ರೆ ತಲೆ ತಗ್ಗಿಸ್ಕೊಂಡು ಸುಮ್ನಿರ್ತಿದ್ದೆ ಬುಡಿ. ಇದುಕ್ಕೇನ್ ಹೇಳ್ಲಿ?"

ಒಂದು ಪದದಿಂದ ಒಂದು ಮನೆಯ ಮೇಲೆ ಏನು ಬಿದ್ದಿದೆ ಎಂದು ನಿಮ್ಮ ಗುಮಾಸ್ತರಿಗೆ ಗೊತ್ತಿರಲಾರದು. ಹಾಜರಿ ಪಟ್ಟಿಯಲ್ಲಿ ಅವಳ ಎರಡೂ ವರ್ಷದ ಸಹಿ ಇದೆ ಎಂದು ಬರೆದೆ. ಹಾಜರಿ ಪಟ್ಟಿ ಬೇರೆ ಶಾಖೆಗೆ ಸಂಬಂಧಿಸಿದ್ದು ಎಂದು ಉತ್ತರ ಬಂತು. ಒಬ್ಬಳೇ ಹುಡುಗಿ ಒಂದು ಶಾಖೆಯಲ್ಲಿ ಇದ್ದಾಳೆ, ಇನ್ನೊಂದರಲ್ಲಿ ಇಲ್ಲ. ಇದು ಯಾವ ಗಣಿತ?

ಬೆಳಗಿನ ವೇಳೆಗೆ ಬದಲಿಸಿ ಎಂಬ ನನ್ನ ನಾಲ್ಕನೆಯ ಪತ್ರಕ್ಕೆ ನೀವು ಕೊಟ್ಟ ಉತ್ತರ ಮೇಜಿನ ಮೇಲಿದೆ. "ಸದರಿ ವೇಳೆಯನ್ನು 1999ರ ಸಭೆಯಲ್ಲಿ ಸಾರ್ವಜನಿಕ ಪ್ರತಿನಿಧಿಯ ಸೂಚನೆಯ ಮೇರೆಗೆ ನಿಗದಿಪಡಿಸಲಾಗಿದೆ." ನಿಜ. ಸೂಚಿಸಿದವನು ನಾನೇ. ಪ್ರಯೋಗಾಲಯದ ಪಾಠಕ್ಕೂ ಪರೀಕ್ಷೆಗೂ ಸಭೆ ಬೆಳಗಿನ ಹೊತ್ತನ್ನೇ ಬರೆದುಕೊಂಡಿತ್ತು. ನಾನು ಎದ್ದು ನಿಂತು, ಅಂತರಸಂತೆ ಕಡೆಯ ಬಸ್ಸು ಹತ್ತೂವರೆಗಿಂತ ಮೊದಲು ಬರುವುದಿಲ್ಲ, ಬೆಳಿಗ್ಗೆ ಹೊಗೆಸೊಪ್ಪು ಪೋಣಿಸಲು ಮನೆಯಲ್ಲಿ ಮಕ್ಕಳ ಕೈ ಬೇಕು, ಮಧ್ಯಾಹ್ನ ಇಡಿ ಎಂದೆ. ಎಲ್ಲರೂ ತಲೆಯಾಡಿಸಿದರು. ನನ್ನ ಮನೆಯಲ್ಲೂ ಎರಡಕ್ಕೆ ಫ್ಯಾನು ನಿಲ್ಲುತ್ತಿತ್ತು. ವರ್ಷಗಟ್ಟಲೆ ಅದು ನಿಂತ ಮೇಲೆಯೇ ಮಲಗಿ ಅಭ್ಯಾಸವಾಗಿ, ಅದನ್ನು ನಿದ್ದೆಯ ಹೊತ್ತೆಂದು ತಿಳಿದಿದ್ದೆನೇ ಹೊರತು ಕರೆಂಟಿಲ್ಲದ ಹೊತ್ತೆಂದು ನೆನೆಯಲೇ ಇಲ್ಲ. ಬಸ್ಸನ್ನು ನೆನೆದೆ. ಇಷ್ಟೇ ನನ್ನ ಸಮಜಾಯಿಷಿ. ಇದನ್ನು ಶಿವರುದ್ರಮ್ಮನಿಗೂ ಹೇಳಿದೆ. ಆಕೆ ಕಾಫಿ ಲೋಟ ಮುಟ್ಟದೆ ಎದ್ದುಹೋದರು.

ನನ್ನ ತಪ್ಪನ್ನು ನಾನು ಪತ್ರಿಕೆಯಲ್ಲೇ ಒಪ್ಪಿದ್ದೇನೆ. ಈಗ ನಿಮ್ಮ ಸರದಿ. ಮೇ 11ರ ಪರೀಕ್ಷೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಿ. ಬಸ್ಸು ಆ ಹೊತ್ತಿಗೆ ಬಂದಿರುತ್ತದೆ. ಅದಾಗದು ಎಂದಾದರೂ ಒಂದು ಪ್ರಶ್ನೆಗೆ ನೀವು ಉತ್ತರಿಸಲೇಬೇಕು. ಟಪಾಲಿನಲ್ಲಿ ನನಗಲ್ಲ, ಇದೇ ಪತ್ರಿಕೆಯಲ್ಲಿ, ಗಂಡಿನ ಕಡೆಯವರೂ ಓದುವಂತೆ. ಹೆಸರು ಮರೆಮಾಚಲೇ ಎಂದು ಕೇಳಿದಾಗ "ಹಾಕಿ ಸರ್, ಅಲ್ಲಾದ್ರೂ ಇರ್ಲಿ" ಎಂದಳು ಅವಳು. ಆದ್ದರಿಂದ ಹೆಸರು ಹಿಡಿದೇ ಕೇಳುತ್ತೇನೆ: 2003ರ ಮೇ 14ರಂದು, 2004ರ ಮೇ 12ರಂದು, ಮಧ್ಯಾಹ್ನ ಎರಡರಿಂದ ಐದರವರೆಗೆ ಆಶಾರಾಣಿ ಎಲ್ಲಿದ್ದಳು?

ಇಂತಿ,
ಆ ಮಧ್ಯಾಹ್ನವನ್ನು ಸೂಚಿಸಿದವನು,
ಸಿದ್ದಮಲ್ಲಪ್ಪ
ನಿವೃತ್ತ ಗಣಿತ ಶಿಕ್ಷಕ, ಹ್ಯಾಂಡ್‌ಪೋಸ್ಟ್
ಏಪ್ರಿಲ್ 2005